ಎರಡನೇ ಏಟು

ಹೆಣವನ್ನು ಮೊದಲು ಕಂಡವನು ಮಾಸ್ತಪ್ಪ. ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ತನ್ನ ಆಲೆಮನೆಗೆ ಬಂದರೆ, ಒಲೆಯ ಪಕ್ಕ ಸತೀಶ ಅಂಗಾತ ಬಿದ್ದಿದ್ದ. ಹಣೆ ಒಡೆದಿತ್ತು. ಪಕ್ಕದಲ್ಲೇ ಪಾಕ ಕಲಕುವ ಉದ್ದ ಹಿಡಿಯ ಮರದ ಹುಟ್ಟು. ಗೋಡೆಗೊರಗಿ ಇಬ್ಬರು ಕೂತಿದ್ದರು: ಸತೀಶನ ಹೆಂಡತಿ ಕಾವ್ಯಾ, ಅವಳ ಅಣ್ಣ ಶಿವರಾಮ. ಇಬ್ಬರೂ ಅಲ್ಲಿ ಬೆಲ್ಲ ಕಾಯಿಸುವ ಕೆಲಸಕ್ಕಿದ್ದವರು. ಓಡಿಹೋಗಿರಲಿಲ್ಲ.

ಹೊಸನಗರ ತಾಲೂಕಿನ ಆ ಮೂಲೆಗೆ ಸಬ್‌ಇನ್‌ಸ್ಪೆಕ್ಟರ್ ಮಂಜಯ್ಯ ತಲುಪುವಾಗ ಹನ್ನೊಂದು ಗಂಟೆ. ಜೀಪಿನಿಂದ ಇಳಿಯುವಾಗ ಮಂಡಿ ಕಟಕ್ಕೆಂದಿತು. ನಿವೃತ್ತಿಗೆ ಎರಡು ವರ್ಷ. ಇನ್ನೆಷ್ಟು ಹೆಣ ನೋಡಬೇಕೋ ಎಂದು ಬೈದುಕೊಂಡೇ ಒಳಗೆ ಹೋದ.

"ನಾನೇ ಹೊಡ್ದಿದ್ದು ಸಾರ್," ಎಂದಳು ಕಾವ್ಯಾ. ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳು ಕೆಂಪಗೆ ಎದ್ದಿದ್ದವು. "ಕುತ್ಗೆ ಹಿಸುಕ್ತಿದ್ರು. ಕೈಗೆ ಸಿಕ್ಕಿದ್ರಲ್ಲಿ ಹೊಡ್ದೆ."

ಮಂಜಯ್ಯ ಬಗ್ಗಿ ಹೆಣದ ತಲೆಯನ್ನು ಮೆಲ್ಲಗೆ ಹೊರಳಿಸಿದ. ಹಿಂದೆ, ಕತ್ತಿನ ಬುಡದಲ್ಲಿ ಇನ್ನೊಂದು ಪೆಟ್ಟು. ಚರ್ಮ ಹರಿದಿರಲಿಲ್ಲ, ಬಾತಿತ್ತು.

"ಎದುರಿಗೆ ನಿಂತು ಕುತ್ತಿಗೆ ಹಿಸುಕೋನಿಗೆ ಬೆನ್ನ ಹಿಂದಿಂದ ಹೆಂಗೆ ಹೊಡ್ದೆ ತಂಗಿ? ನಿನ್ನ ಕೈ ಏನು ಕುಡುಗೋಲಾ?"

ಅವಳು ತಲೆ ತಗ್ಗಿಸಿದಳು. ಶಿವರಾಮ ಎದ್ದು ನಿಂತ.

"ಅವ್ಳನ್ನ ಬಿಡಿ ಸಾರ್. ಹೊಡೆದಿದ್ದು ನಾನು. ಪಾಕ ಕಲಕ್ತಿದ್ದೆ. ಸತೀಶ ಕುಡ್ಕೊಂಡು ಬಂದ, ಇವ್ಳ ಕುತ್ಗೆಗೆ ಕೈ ಹಾಕ್ದ. ನಾಲ್ಗೆ ಹೊರಗೆ ಬಂದಿತ್ತು ಇವ್ಳಿಗೆ. ಕೈಯಲ್ಲಿದ್ದ ಹುಟ್ಟಲ್ಲೇ ಬಿಟ್ಟೆ. ತಿರುಗ್ದ, ಇನ್ನೊಂದು ಬಿಟ್ಟೆ. ಎರಡೂ ಒಂದೇ ಉಸಿರಲ್ಲಿ."

"ಆಮೇಲೆ?"

"ಆಮೇಲೆ ಏನೂ ಮಾಡ್ಲಿಲ್ಲ. ಇಲ್ಲೇ ಕೂತ್ವಿ."

ಮಂಜಯ್ಯನಿಗೆ ಎದೆ ಹಗುರವಾಯಿತು. ಕಾನ್‌ಸ್ಟೇಬಲ್ ಸರೋಜಳನ್ನು ಹೊರಗೆ ಕರೆದ.

"ಇವನು ಬಚಾವಾಗ್ತಾನೆ ಕಣಮ್ಮ. ಇನ್ನೊಬ್ಬರ ಜೀವ ಹೋಗ್ತಿರುವಾಗ ಅದನ್ನ ಉಳಿಸೋಕೆ ಹೊಡೆಯೋದು ಹಕ್ಕು. ಆ ಏಟಿಗೆ ಅವನು ಸತ್ತರೂ ಅಪರಾಧ ಅಲ್ಲ."

"ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಸಾರ್."

"ಹೂಂ. ಅಪರೂಪಕ್ಕೆ."

* * *

ಮೂರು ಗಂಟೆಗೆ ಸಾಗರದಿಂದ, ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರ್ ಅಜಿತಕುಮಾರರ ಫೋನು ಬಂತು.

"ಮಂಜಯ್ಯನವರೇ, ಹಿಂದಿನ ಏಟಿಗೆ ಎಚ್ಚರ ತಪ್ಪಿದೆ, ಅಷ್ಟೇ. ಸಾಯ್ತಿರಲಿಲ್ಲ. ಕೊಂದಿದ್ದು ಹಣೆಯ ಏಟು. ಮಲಗಿದವನ ತಲೆಗೆ ಮೇಲಿಂದ ಬಿದ್ದದ್ದು. ಇನ್ನೊಂದು ವಿಷಯ. ಆ ಗಾಯದೊಳಗೆ ಬೆಲ್ಲ ಇದೆ."

"ಪಾಕ ಹತ್ತಿರಬೇಕು ಸಾರ್. ಹುಟ್ಟಲ್ಲಿ ಹೊಡೆದದ್ದು."

"ಪಾಕ ಅಲ್ಲ. ಗಟ್ಟಿ ಬೆಲ್ಲದ ಚೂರು. ಹಿಂದಿನ ಪೆಟ್ಟಿನ ಕೂದಲಲ್ಲಿ ಮಾತ್ರ ಪಾಕದ ತೆಳು ಅಂಟು."

ಮಂಜಯ್ಯ ಫೋನಿಟ್ಟ. ಆಮೇಲೆ ಮಾಸ್ತಪ್ಪನಿಗೆ ಫೋನು ಮಾಡಿದ.

"ನೀನು ಬಂದಾಗ ಪಾಕದ ಕೊಪ್ಪರಿಗೆ ಎಲ್ಲಿತ್ತು?"

"ಒಲೆಯಿಂದ ಕೆಳಗಿತ್ತು ಸಾರ್. ಬೆಲ್ಲ ಅಚ್ಚಿಗೆ ಬಿದ್ದಾಗಿತ್ತು. ಒಳ್ಳೆ ಚಿನ್ನದ ಬಣ್ಣ!"

"ಒಬ್ಬನೇ ಇಳಿಸಬಹುದಾ?"

"ಎಲ್ಲಾದ್ರೂ ಉಂಟಾ? ಬಳೆಗೆ ಬಿದಿರಿನ ಗಳ ತೂರಿಸಿ ಆಚೀಚೆ ಇಬ್ರು ಹಿಡೀಬೇಕು."

* * *

ಸ್ಟೇಷನ್ನಿನ ಬೆಂಚಿನಲ್ಲಿ ಅಣ್ಣ ತಂಗಿ ಕೂತಿದ್ದರು. ಮಂಜಯ್ಯ ಎದುರಿಗೆ ಕುರ್ಚಿ ಎಳೆದುಕೊಂಡ.

"ಶಿವರಾಮ, ಹೊಡೆಯುವಾಗ ಪಾಕ ಕಲಕ್ತಿದ್ದೆ ಅಂದೆ, ಅಂದ್ರೆ ಅದು ಒಲೆ ಮೇಲಿತ್ತು. ಕೊನೇ ಪಾಕ ಕಲಕದೆ ಎರಡು ನಿಮಿಷ ಬಿಟ್ಟರೆ ಸೀದುಹೋಗುತ್ತೆ. ನಿಂದು ಸೀದಿಲ್ಲ. ಇಳಿಸೋಕೆ ಇಬ್ಬರು ಬೇಕು. ಸತೀಶ ನೆಲದ ಮೇಲಿದ್ದ. ಅಂದ್ರೆ ಗಳದ ಇನ್ನೊಂದು ತುದಿ ಹಿಡಿದವಳು ನಿನ್ನ ತಂಗಿ. ಕುತ್ತಿಗೆ ಹಿಸುಕಿಸಿಕೊಳ್ತಾ ಇರೋಳು ಗಳ ಹಿಡೀತಾಳಾ?"

ಮಂಜಯ್ಯ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದ.

"ಪಾಕ ಆರಿದ್ಮೇಲೆ ಅದೇ ಹುಟ್ಟಲ್ಲಿ ಕೆರೆದು ಅಚ್ಚಿಗೆ ಹಾಕ್ದೆ. ಆ ಬೆಲ್ಲ ಹಣೆಯೊಳಗೆ ಸಿಕ್ಕಿದೆ. ಎರಡು ಏಟಿನ ಮಧ್ಯೆ ಏನಿಲ್ಲ ಅಂದ್ರೂ ಅರ್ಧ ಗಂಟೆ."

ಶಿವರಾಮ ತನ್ನ ಅಂಗೈ ನೋಡಿಕೊಂಡ. "ಪಾಕ ಹದಕ್ಕೆ ಬಂದಿತ್ತು ಸಾರ್. ಯೋಚ್ನೆ ಮಾಡ್ಲಿಲ್ಲ. ಇಳಿಸೋಕೆ ಕೈ ತಾನಾಗೇ ಹೋಯ್ತು."

"ಅವನು ಎದ್ದು ಮತ್ತೆ ಮೇಲೆ ಬಿದ್ನಾ? ಕತ್ತಿ ಹಿಡಿದ್ನಾ? ಹೇಳೋ ಮಾರಾಯ!" ಮಂಜಯ್ಯನ ದನಿ ಏರಿತು. ಹೌದು ಎನ್ನಲಿ ಎಂದು ಅವನ ಜೀವ ಬಯಸುತ್ತಿತ್ತು. "ಬಿದ್ದಿದ್ರೆ ಈಗಲೂ ಹಕ್ಕಿದೆ ನಿಂಗೆ."

"ಇಲ್ಲ," ಎಂದಳು ಕಾವ್ಯಾ. "ಕಣ್ಣು ಬಿಟ್ಟು ನೀರು ಕೇಳಿದ್ರು. ತರಕ್ಕೆ ಹೋದೆ. ಬರೋದ್ರೊಳಗೆ…"

"ಸುಮ್ನಿರೇ!"

"ಎಷ್ಟೂಂತ ಸುಮ್ನಿರ್ಲಿ ಅಣ್ಣಯ್ಯ?"

ಮಂಜಯ್ಯ ಕಣ್ಣು ಮುಚ್ಚಿದ. "ಅಪಾಯ ಇರೋ ತನಕ ಕಾನೂನು ನಿನ್ನ ಪಕ್ಕ ನಿಲ್ಲುತ್ತೆ ಶಿವರಾಮ. ಅವನು ಬಿದ್ದ ಮೇಲೆ ಮುಗೀತು. ಮೊದಲ ಏಟು ತಂಗಿಯನ್ನ ಉಳಿಸ್ತು. ಎರಡನೇದು ಕೊಲೆ. ನಂಗೆ ಫೋನು ಮಾಡಬಹುದಿತ್ತಲ್ಲ? ಅರ್ಧ ಗಂಟೆ ಇತ್ತು!"

ಶಿವರಾಮ ನಕ್ಕ. ಕೆಟ್ಟ ನಗು.

"ನಿಮ್ಗಾ? ಮೂರು ಸಲ ಇದೇ ಬೆಂಚಲ್ಲಿ ಕೂತಿದ್ವಿ ಸಾರ್. ಮೂರೂ ಸಲ ಅವ್ನ ಕೈಲಿ ತಪ್ಪಾಯ್ತು ಅಂತ ಬರೆಸ್ಕೊಂಡು, ಗಂಡ ಹೆಂಡ್ತಿ ಜಗಳ ಅಂತ ಇವ್ಳನ್ನ ಅವ್ನ ಜೊತೆಗೇ ಕಳಿಸಿದ್ರಿ. ನೀರು ಕುಡ್ದು ಎದ್ದಿದ್ರೆ ನಾಕನೇ ಸಲ ಕಳಿಸ್ತಿದ್ರಿ."

ಮಂಜಯ್ಯ ಕಾವ್ಯಾಳ ಮುಖ ನೋಡಿದ. ನೆನಪಾಗಲಿಲ್ಲ. ಅಂಥ ಎಷ್ಟೋ ಮುಖ ಆ ಬೆಂಚಿನ ಮೇಲೆ ಕೂತೆದ್ದಿದ್ದವು. ಬೀರು ತೆಗೆದು ಹಳೆಯ ಅರ್ಜಿಗಳನ್ನು ಹುಡುಕಿದ. ಮೂರೂ ಸಿಕ್ಕವು. ಮೂರರ ಕೆಳಗೂ ಅವನದೇ ಸಹಿ.

ಸರೋಜ ಹೇಳಿಕೆ ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿದಳು. "ಸಾರ್, ಇದನ್ನೂ ಬರೀಬೇಕಾ?"

"ಬರಿ. ಕೋರ್ಟು ಇವನಿಗೆ ಏನಾದ್ರೂ ಕನಿಕರ ತೋರ್ಸೋದಿದ್ರೆ ಇದರಿಂದಲೇ." ಅರ್ಜಿಗಳನ್ನು ಅವಳ ಮುಂದಿಟ್ಟ. "ವಾಪಸ್ ಕಳಿಸಿದವರು ಯಾರು ಅನ್ನೋ ಕಡೆ ನನ್ನ ಹೆಸರು ಪೂರ್ತಿ ಬರಿ."