ಎಡಗಡೆ ಕರಿ, ಬಲಗಡೆ ಹಸಿ

ಧಡ್!

ಇನಾಸ್ ಕುಕ್ಕಿದ ರಭಸಕ್ಕೆ ತಟ್ಟೆಯಲ್ಲಿದ್ದ ಕಹ್ಕ್ ಬಿಸ್ಕತ್ತುಗಳು ದೂರು ಕೌಂಟರಿನ ಗಾಜಿನ ಮೇಲೆಲ್ಲ ಚೆಲ್ಲಿದವು. ಎಡಗಡೆಯವು ಇದ್ದಿಲು. ಬಲಗಡೆಯವು ಹಸಿ ಹಿಟ್ಟು.

"ಮೂರು ದಿನದ ಹಿಂದೆ ನಿಮ್ಮಲ್ಲೇ ತಗೊಂಡ ಓವನ್. ಮೊದಲನೇ ತಟ್ಟೆ. ನೋಡಿ!"

ಕೌಂಟರಿನ ಹಿಂದಿದ್ದ ಶಿಹಾಬ್ ತಟ್ಟೆ ನೋಡಲಿಲ್ಲ. ಉಂಗುರವಿಲ್ಲದ ಅವಳ ಬೆರಳು ನೋಡಿದ. ಈ ಕೌಂಟರಿನ ಎಂಟು ವರ್ಷಗಳಲ್ಲಿ ಮನ್ಸೂರಾ ಪಟ್ಟಣದ ಎಷ್ಟು ಹುಡುಗಿಯರು, ಸಂಬಂಧ ಮುರಿದ ಮೇಲೆ, ಮದುವೆಗೆಂದು ಕೊಂಡ ಫ್ರಿಜ್ಜು ಓವನ್ನುಗಳನ್ನು ವಾಪಸು ತಂದು "ಕೆಟ್ಟಿದೆ" ಎಂದಿದ್ದರೋ!

"ನಿಶ್ಚಿತಾರ್ಥ ಮುರೀತಾ ಮೇಡಂ?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಅಯ್ಯೋ ಮಗಳೇ..." ಹಿಂದಿದ್ದ ವಯಸ್ಸಾದ ಹೆಂಗಸೊಬ್ಬಳು ಅವಳ ಬೆನ್ನು ಸವರಿದಳು. "ಹೋದವನು ಹೋಗ್ಲಿ ಬಿಡು. ನನ್ನ ತಂಗಿ ಮಗ ಒಬ್ಬ ಇದಾನೆ, ಹಲ್ಲಿನ ಡಾಕ್ಟ್ರು. ತಲೇಲಿ ಕೂದಲು ಸ್ವಲ್ಪ ಕಮ್ಮಿ, ಅಷ್ಟೇ."

ಇನಾಸ್‌ಳ ಕಿವಿ ಬಿಸಿಯಾಯಿತು. "ನನಗೆ ನಿಶ್ಚಿತಾರ್ಥವೇ ಆಗಿಲ್ಲ! ಹಬ್ಬಕ್ಕೆ ಅರವತ್ತು ಮನೆಗೆ ಕಹ್ಕ್ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದೀನಿ. ಈದ್‌ಗೆ ಹತ್ತೇ ದಿನ ಇರೋದು!"

ಇದಕ್ಕೇ ಕಾಯುತ್ತಿದ್ದವನಂತೆ ಪಕ್ಕದ ಕೋಣೆಯಿಂದ ಮ್ಯಾನೇಜರ್ ಫತ್ಹೀ ತಲೆ ಹೊರಹಾಕಿದ.

"ಅಂದ್ರೆ ವ್ಯಾಪಾರಕ್ಕೆ! ವ್ಯಾಪಾರಕ್ಕಾದ್ರೆ ವಾರಂಟಿ ಇಲ್ಲ. ಮುಂದಿನವರು ಬನ್ನಿ!"

ಇನಾಸ್ ಖಾಲಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಶಾಲೆಯ ಕೆಲಸ ಹೋದ ಮೇಲೆ ತನ್ನದೆಂದು ಶುರು ಮಾಡಿದ ಮೊದಲ ಕಸುಬು. ಈ ಹಬ್ಬ ತಪ್ಪಿದರೆ ಇನ್ನು ಯಾರು ನಂಬುತ್ತಾರೆ?

ಬಿಸ್ಕತ್ತುಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಇವರ ಮುಂದೆ ಅಳಬಾರದು... ಅಳಬಾರದು... ಬಾಗಿಲು ದಾಟುವವರೆಗೂ ಅಳಲಿಲ್ಲ.

ಅವಳು ಹೋದ ಮೇಲೆ ಶಿಹಾಬ್‌ಗೆ ಗಾಜಿನ ಮೇಲೆ ಉಳಿದ ಒಂದು ಬಿಸ್ಕತ್ತು ಕಂಡಿತು, ತಟ್ಟೆಯ ನಡುವಿನದು. ಅರ್ಧ ಕರಿ, ಅರ್ಧ ಬಿಳಿ. ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ.

ಸುಳ್ಳು ಹೇಳುವವರಿಂದ ಇಷ್ಟು ನೇರವಾದ ಗೆರೆ ಎಳೆಯಲಾಗುವುದಿಲ್ಲ!

ಮರುದಿನ ಬೆಳಿಗ್ಗೆ, ಬಿಲ್ಲಿನಲ್ಲಿದ್ದ ವಿಳಾಸ ಹುಡುಕಿಕೊಂಡು, ರಿಪೇರಿ ಸಾಮಾನಿನ ಪೆಟ್ಟಿಗೆ ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

"ಇವತ್ತು ಯಾರ ನಿಶ್ಚಿತಾರ್ಥ ಮುರಿಯಕ್ಕೆ ಬಂದ್ರಿ, ಇಂಜಿನಿಯರ್ ಸಾಹೇಬ್ರೇ?"

"ಓವನ್ ನೋಡಕ್ಕೆ. ನಿನ್ನೆನೇ ನೋಡ್ಬೇಕಿತ್ತು. ತಪ್ಪಾಯ್ತು."

"ಪಾಪ ಅಂತ ಬಂದಿದ್ರೆ, ಬೇಕಾಗಿಲ್ಲ."

"ಒಳಗೆ ಬಿಡೇ!" ಅಡುಗೆಮನೆಯಿಂದ ಅವಳ ಅಮ್ಮ ಕೂಗಿದಳು. "ಉಪವಾಸ ಇರೋ ಮನುಷ್ಯ, ನಾಲ್ಕು ಮಹಡಿ ಹತ್ತಿ ಬಂದಿದಾನೆ!"

ಅವನು ಓವನ್ನಿನ ತಳ ಬಿಚ್ಚಿದ. ಬಹಳ ಹೊತ್ತು ಇಣುಕಿದ. ಆಮೇಲೆ ನಗತೊಡಗಿದ.

"ಬಲಗಡೆ ಬರ್ನರ್ ಕೊಳವೆಗೆ ಗ್ಯಾಸ್ ಬರೋ ತೂತೇ ಕೊರೆದಿಲ್ಲ! ಕಾರ್ಖಾನೇಲೇ ಮರೆತಿದಾರೆ."

ಇನಾಸ್ ಕುರ್ಚಿಯ ಮೇಲೆ ಕುಸಿದಳು. "ಅಂದ್ರೆ... ನನ್ನ ಕೈಯ ತಪ್ಪಲ್ಲ?"

ಮೊದಲ ತಟ್ಟೆ ಸುಟ್ಟಾಗಿನಿಂದ ಯಾರಿಗೂ ಹೇಳದೆ ನುಂಗಿಕೊಂಡಿದ್ದ ಭಯ ಅದೇ ಆಗಿತ್ತು.

"ನಿಮ್ಮ ಕೈಯಲ್ಲಿ ಯಾವ ತಪ್ಪೂ ಇಲ್ಲ," ಎಂದ ಶಿಹಾಬ್. ಎಂದವನು ಆ ಕೈಯನ್ನೇ ನೋಡುತ್ತ ಉಳಿದ.

ರಮದಾನಿನ ಹಗಲು. ಚಹಾ ಕುಡಿಯುವ ನೆಪವೂ ಇರಲಿಲ್ಲ. ಆ ಕೊಳವೆಯನ್ನು ಪೆಟ್ಟಿಗೆಗೆ ಹಾಕಿಕೊಂಡು, ಉಳಿದ ಸ್ಕ್ರೂಗಳನ್ನು ಬಹಳ, ಬಹಳ ನಿಧಾನವಾಗಿ ಬಿಗಿದ.

ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ಫೋನೂ ಇಲ್ಲ.

'ಇವನೂ ಅಂಗಡಿಯವನೇ... ಬಾಯಲ್ಲಿ ಬೆಲ್ಲ ಅಷ್ಟೇ,' ಎಂದುಕೊಂಡಳು. ಸಿಟ್ಟು ಓವನ್ನಿನ ಮೇಲೋ, ಅವನ ಮೇಲೋ? ಅವಳಿಗೇ ತಿಳಿಯಲಿಲ್ಲ.

ಐದನೇ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಏದುಸಿರು. ಇಬ್ಬರು ಕೂಲಿಗಳು, ಹೊಸ ಓವನ್. ಹಿಂದೆ ಶಿಹಾಬ್.

"ನಿಮ್ಮ ಮ್ಯಾನೇಜರ್ ಒಪ್ಪಿದ್ರಾ?"

"ಎಲ್ಲಿ? ದಿನಾ ಅವರ ಮೇಜಿನ ಮೇಲೆ ಆ ಕೊಳವೆ ಇಟ್ಟೆ. ದಿನಾ 'ವ್ಯಾಪಾರ, ವ್ಯಾಪಾರ' ಅಂತ ತಳ್ಳಿದ್ರು. ನಿನ್ನೆ ಕೇಳೇಬಿಟ್ಟೆ, ಈದ್‌ಗೆ ಕಹ್ಕ್ ಬೇಯಿಸದ ಮನೆ ಯಾವುದಿದೆ ಸಾರ್? ನಿಮ್ಮಮ್ಮ ಬೇಯಿಸಿ ಬೀದಿಗೆಲ್ಲ ಹಂಚಲ್ವಾ? ಮೊದಲ ತಟ್ಟೇನೇ ಸುಟ್ಟಿದ್ರೆ ಅವರೇನು ಮಾಡ್ತಿದ್ರು?"

"ಅದಕ್ಕೆ?"

"ಅಮ್ಮನ ಹೆಸರೆತ್ತಿದ್ದಕ್ಕೆ ಅರ್ಧ ಗಂಟೆ ಬೈದ್ರು. ಆಮೇಲೆ ಸಹಿ ಹಾಕಿದ್ರು."

ಇನಾಸ್‌ಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೀರೂ.

ಹೊತ್ತು ಮುಳುಗುವ ಮುಂಚೆ ಮೊದಲ ತಟ್ಟೆ ಹೊರಬಂತು. ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ! ಎದೆಯ ಮೇಲಿನ ಕಲ್ಲು ಇಳಿದಂತೆ ಅವಳು ಉಸಿರುಬಿಟ್ಟಳು. ಅರವತ್ತು ಮನೆ. ನಾಲ್ಕು ದಿನ. ಸಾಕು... ಸಾಕೇ ಸಾಕು!

ಬಾಂಗು ಕೇಳಿಸಿತು. ಶಿಹಾಬ್ ಖರ್ಜೂರ ಬಾಯಿಗೆ ಹಾಕಿಕೊಂಡು, ಒಂದು ಕಹ್ಕ್ ಮುರಿದ. ಮೀಸೆಗೆಲ್ಲ ಸಕ್ಕರೆ ಪುಡಿ. ಅಮ್ಮ ಸೂಪು ತರುತ್ತೇನೆಂದು ಎದ್ದು ಹೋದಳು, ಮತ್ತು ಬೇಕೆಂದೇ ತಡಮಾಡಿದಳು.

"ಇನಾಸ್... ಹಬ್ಬದ ದಿನ ನಮ್ಮಮ್ಮನ್ನ ಕರ್ಕೊಂಡು ಬರಲಾ? ಹೆಣ್ಣು ಕೇಳಕ್ಕೆ."

ಅವಳು ತಲೆಯೆತ್ತಲಿಲ್ಲ. ಅವನಿಗೆ ಗಾಬರಿಯಾಯಿತು.

"ಈಗಲೇ ಏನೂ ಹೇಳ್ಬೇಡಿ! ಯೋಚನೆ ಮಾಡಿ. ಒಂದು ತಿಂಗಳು ತಗೊಳ್ಳಿ. ಎರಡಾದ್ರೂ ಕಾಯ್ತೀನಿ..."

"ಎರಡು ತಿಂಗಳಾ?" ಅವಳು ಅವನತ್ತ ಕೈವಸ್ತ್ರ ಸರಿಸಿದಳು. "ಯೋಚನೆಗೆ ನನಗೆ ಒಂದು ದಿನವೂ ಬೇಡ. ಅಮ್ಮನ್ನ ಕರ್ಕೊಂಡು ಬನ್ನಿ."