ಭಾನುವಾರ ಏಳು ಗಂಟೆಯ ಸದ್ದು

"ನೋಡಿ ಮೇಡಂ, ಮೊದಲೇ ಹೇಳ್ಬಿಡ್ತೀನಿ. ಮೀಟರ್ ಹಿಂದಕ್ಕೆ ತಿರುಗಿಸೋ ಕೆಲಸ ನಾನು ಮಾಡಲ್ಲ."

ಬಂದವನು ಕೈಚೀಲ ಕೆಳಗಿಡುವ ಮೊದಲೇ ಹೀಗಂದುಬಿಟ್ಟ. ಕಲಾವತಿಗೆ ಮೈಯೆಲ್ಲ ಉರಿಯಿತು.

"ಯಾರ್ರೀ ತಿರುಗಿಸಿ ಅಂದಿದ್ದು? ಕಾರಿನ ಗಡಿಯಾರ ನಿಂತಿದೆ ಅಂತ ಕರೆಸಿದ್ದು."

"ಎಲ್ಲರೂ ಗಡಿಯಾರ ಅಂತಾನೇ ಶುರು ಮಾಡ್ತಾರೆ. ಆಮೇಲೆ, ಗಾಡಿ ಮಾರ್ಬೇಕು, ಕಿಲೋಮೀಟರ್ ಒಂಚೂರು ಕಮ್ಮಿ ತೋರ್ಸಿ ಅಂತಾರೆ."

"ಈ ಗಾಡಿ ಮಾರಲ್ಲ. ಯಾವತ್ತೂ ಮಾರಲ್ಲ. ಗೊತ್ತಾಯ್ತಾ?"

ಗೊತ್ತಾಯಿತು ಎನ್ನುವಂತೆ ಅವನು ತಲೆಯಾಡಿಸಿದ. ಕಿವಿ ಎರಡೂ ಕೆಂಪಗಾಗಿದ್ದವು. ಯಶವಂತಪುರದಲ್ಲಿ ಹಳೆಯ ಗಾಡಿಗಳ ಮೀಟರು, ಗಡಿಯಾರ ರಿಪೇರಿ ಮಾಡುವ ನಂದಕುಮಾರ್ ಯಲಹಂಕದ ಪುಟ್ಟೇನಹಳ್ಳಿಯ ಆ ಮನೆಗೆ ಮೊದಲ ಸಲ ಬಂದದ್ದು ಹೀಗೆ, 2014ರ ಸಂಕ್ರಾಂತಿಯ ಮಾರನೆಯ ದಿನ, ಬೈಸಿಕೊಂಡೇ.

ತಗಡಿನ ಶೆಡ್ಡಿನಲ್ಲಿ ನಿಂತಿದ್ದದ್ದು ಎರಡೇ ಸೀಟಿನ, ನೆತ್ತಿ ಬಯಲಾದ, ಹಸಿರು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. 1962ರದ್ದು. ಮನೆಯಲ್ಲಿ ಅದರ ಹೆಸರು ಗಿಣಿ. ಕಲಾವತಿಯ ಗಂಡ ಮುನಿಕೃಷ್ಣ ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದ. ಹೆಬ್ಬಾಳದ ಹಳೇ ಬಂಗಲೆಯೊಂದರ ಹಿತ್ತಿಲಲ್ಲಿ, ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದ ಸ್ಥಿತಿಯಲ್ಲಿ ಅದನ್ನು ಕಂಡು, ಗುಜರಿ ಲೆಕ್ಕದಲ್ಲಿ ತಂದಿದ್ದ. ಆಮೇಲೆ ಒಂಬತ್ತು ವರ್ಷ ರಜೆಯ ದಿನಗಳನ್ನೆಲ್ಲ ಅದರ ಕೆಳಗೇ ಕಳೆದ. ಸಿಗದ ಭಾಗಗಳನ್ನು ತಾನೇ ಲೇತಿನಲ್ಲಿ ಕಡೆದ. ಪಕ್ಕದಲ್ಲಿ ಟಾರ್ಚ್ ಹಿಡಿದು ಕೂರುವುದು ಕಲಾವತಿಯ ಕೆಲಸ. ಮಕ್ಕಳಾಗಲಿಲ್ಲ, ಗಿಣಿಯಾಯಿತು. ಅದು ರಸ್ತೆಗಿಳಿದ ಎರಡನೆಯ ವರ್ಷವೇ ಒಂದು ವಾರದ ಡೆಂಗಿ ಜ್ವರಕ್ಕೆ ಮುನಿಕೃಷ್ಣ ಹೋಗಿಬಿಟ್ಟ.

ಹನ್ನೊಂದರ ಕಾರ್ಯ ಮುಗಿದ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ ಏಳಕ್ಕೆ, ಕಲಾವತಿ ಶೆಡ್ಡಿಗೆ ಹೋಗಿ ಇಂಜಿನ್ ಚಾಲೂ ಮಾಡಿದಳು. ಅತ್ತೆ ಗೋಪಾಲಮ್ಮ ಕಾಫಿ ಲೋಟ ಹಿಡಿದು ಬಂದು ಎದುರಿನ ಜಗುಲಿಯ ಮೇಲೆ ಕೂತರು. ಕಣ್ಣು ಮುಚ್ಚಿಕೊಂಡರು. ಇಂಜಿನ್ ನಿಲ್ಲುವವರೆಗೂ ಅಲ್ಲಾಡಲಿಲ್ಲ. ಹೆತ್ತ ಕರುಳು, ಮಗನನ್ನೇ ಕೇಳಿಸಿಕೊಳ್ಳುತ್ತಿದೆ ಅಂದುಕೊಂಡಳು ಕಲಾವತಿ. ಅಂದಿನಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಹತ್ತು ನಿಮಿಷ ಸದ್ದು, ಆಮೇಲೆ ತಿಂಡಿ. ಗಿಣಿ ಮಾತ್ರ ಗೇಟು ದಾಟಲಿಲ್ಲ.

ಅದನ್ನು ಮೊದಲು ಪತ್ತೆ ಹಚ್ಚಿದವನು ನಂದಕುಮಾರ್. ಮೀಟರಿನ ಗಾಜು ಒರೆಸುತ್ತ, ಮೆಲ್ಲಗೆ ಕೇಳಿದ್ದ:

"ಇಂಜಿನ್ ಹದವಾಗಿದೆ. ಟೈರ್ ಮೇಲೆ ಮೂರು ವರ್ಷದ ಧೂಳಿದೆ. ಸದ್ದು ಮಾಡುತ್ತೆ, ಹೋಗಲ್ಲ. ಅಲ್ವಾ?"

ಮೀಟರಿನಲ್ಲಿ 61,204 ಎಂದಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನಕ್ಕೆ ನೂರು ಜನರಿಗೆ ಉತ್ತರ ಕೊಡುವ ಕಲಾವತಿ ಅವತ್ತು ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು.

ಗಡಿಯಾರ ನಡೆಯತೊಡಗಿತು. ಆದರೆ ತಿಂಗಳಿಗೆ ಸರಿಯಾಗಿ ಐದು ನಿಮಿಷ ಹಿಂದೆ ಬೀಳುತ್ತಿತ್ತು. ಅದನ್ನು ಸರಿ ಮಾಡಲು ನಂದಕುಮಾರ್ ತಿಂಗಳಿಗೊಮ್ಮೆ ಬರುತ್ತಿದ್ದ. ಬಂದವನು ಬ್ಯಾಟರಿಯನ್ನೂ ಚಾರ್ಜಿಗೆ ಒಯ್ಯುತ್ತಿದ್ದ. ನಲವತ್ತು ದಾಟಿದ ಗಂಡಸು, ಕಲಾವತಿಯ ಮುಖ ನೋಡಿ ಮಾತಾಡಿದವನಲ್ಲ. ಮೀಟರಿನ ಗಾಜಿನಲ್ಲಿ ಅವಳ ಮುಖ ಕಾಣುವ ಹಾಗೆ ತಲೆ ವಾಲಿಸಿಕೊಂಡು, ಅದರೊಂದಿಗೇ ಮಾತಾಡುತ್ತಿದ್ದ. ಅದೇ ಗಾಜಿನಲ್ಲಿ ತನಗೂ ಅವನು ಕಾಣುತ್ತಾನೆಂದು ಕಲಾವತಿ ಬಾಯಿಬಿಟ್ಟು ಹೇಳಲಿಲ್ಲ.

ಏಳನೆಯ ತಿಂಗಳು ಕೇಳಿಯೇಬಿಟ್ಟಳು. "ನಿಜ ಹೇಳಿ. ಹೋಗೋವಾಗ ನೀವೇ ಐದು ನಿಮಿಷ ಹಿಂದಿಟ್ಟು ಹೋಗ್ತೀರಲ್ವಾ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಕಿಲೋಮೀಟರ್ ಹಿಂದಕ್ಕೆ ತಿರುಗಿಸಲ್ಲ ಅಂದಿದ್ದೆ. ಗಡಿಯಾರದ ಬಗ್ಗೆ ಏನೂ ಹೇಳಿರ್ಲಿಲ್ಲ."

ಕಲಾವತಿ ನಕ್ಕಳು. ಆ ಶೆಡ್ಡಿನಲ್ಲಿ ಮೂರೂವರೆ ವರ್ಷದ ನಂತರದ ಮೊದಲ ನಗು. ನಕ್ಕ ಮೇಲೆ ಭಯವಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ದೀಪಾವಳಿಯ ಹೊತ್ತಿಗೆ ಅವನು ಕೇಳಬೇಕಾದ್ದನ್ನು ಕೇಳಿದ. ಸುತ್ತುಬಳಸಲಿಲ್ಲ. ಮದುವೆಯಾಗೋಣ, ಅತ್ತೆ ನಮ್ಮ ಜೊತೆಗೇ ಇರಲಿ, ಬೇಕಾದರೆ ನಾನೇ ಈ ಮನೆಗೆ ಬರುತ್ತೇನೆ ಎಂದ.

"ಆದ್ರೆ ಒಂದು ಮಾತು, ತಪ್ಪು ತಿಳ್ಕೋಬೇಡಿ. ಭಾನುವಾರ ಏಳು ಗಂಟೆಗೆ ಆ ಸದ್ದು ಎದ್ದಾಗ, ಈ ಮನೇಲಿ ನಾನು ಯಾರು? ಬದುಕಿರೋರ ಜೊತೆ ಹೊಂದ್ಕೊಂಡು ಹೋಗ್ಬಹುದು. ಹೋಗಿಬಿಟ್ಟೋರ ಜೊತೆ ಹೆಂಗೆ ಪೈಪೋಟಿ ಮಾಡ್ಲಿ?"

"ಮಾರು ಅಂತೀರಾ?"

"ಅನ್ನಲ್ಲ. ಬಾಗಲೂರಲ್ಲಿ ನೂರುಲ್ಲಾ ಸಾಹೇಬ್ರು ಅಂತ ಇದಾರೆ, ಹಳೇ ಕಾರುಗಳನ್ನ ಮಕ್ಕಳ ಹಾಗೆ ಸಾಕ್ತಾರೆ. ಇದನ್ನ ಮೂರು ಸಲ ಕೇಳಿದಾರೆ. ನಂಬರ್ ಕೊಟ್ಟಿರ್ತೀನಿ. ಮಾರು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಕಲಾವತಿಗೆ ಅದು ಬಾಯಲ್ಲಿನ ಬಿಸಿತುಪ್ಪವಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ನಂದಕುಮಾರ್ ಬೇಕಿತ್ತು. ಅವನ ಸ್ಕೂಟರಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಕೈಯ ಕೆಲಸ ಬಿಟ್ಟು ಗೇಟಿಗೆ ಬರುತ್ತಿದ್ದಳು. ಆದರೆ ಎಪ್ಪತ್ತು ದಾಟಿದ ಜೀವವೊಂದು ವಾರವಿಡೀ ಕಾದು ಹತ್ತು ನಿಮಿಷ ಮಗನನ್ನು ಕೇಳಿಸಿಕೊಳ್ಳುತ್ತದೆ. ತನ್ನ ಸುಖಕ್ಕಾಗಿ ಅದನ್ನೂ ಕಿತ್ತುಕೊಳ್ಳುವುದೇ? ಒಮ್ಮೆ ಮಗನನ್ನು ಮಣ್ಣಿಗಿಟ್ಟ ತಾಯಿಯ ಕೈಯಲ್ಲಿ ಎರಡನೆಯ ಸಲವೂ ಇಡಿಸುವುದೇ?

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮುಂದಿನ ಸಂಕ್ರಾಂತಿಗೆ ನಂದಕುಮಾರ್ ಎಳ್ಳು ಬೆಲ್ಲ ತೆಗೆದುಕೊಂಡು ಹೇಳಿದ: "ಇನ್ಮೇಲೆ ಬರಲ್ಲ ಕಲಾ ಅವ್ರೇ. ಬಂದ್ರೆ ವಾಪಸ್ ಹೋಗೋಕೆ ಕಷ್ಟ ಆಗ್ತಿದೆ."

ಅವತ್ತು ಗಡಿಯಾರವನ್ನು ಸರಿಯಾದ ಹೊತ್ತಿಗೇ ಇಟ್ಟು ಹೋದ. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಕೊಂದಿತು.

ಫೆಬ್ರವರಿ ಬಂತು. ಏರ್ ಶೋ ತಾಲೀಮಿಗೆ ವಿಮಾನಗಳು ಯಲಹಂಕದ ತಲೆಯ ಮೇಲೆ ಆಕಾಶ ಹರಿಯುವಂತೆ ಹಾರಾಡುತ್ತಿದ್ದವು. ಕಿಟಕಿ ಗಾಜು ನಡುಗಿದರೂ ಗೋಪಾಲಮ್ಮ ತಲೆಯೆತ್ತುತ್ತಿರಲಿಲ್ಲ, ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದರು. ಇಷ್ಟು ದೊಡ್ಡ ಸದ್ದಿಗೆ ಅಲ್ಲಾಡದವರು ಗಿಣಿಯ ಸಣ್ಣ ಸದ್ದಿಗೆ ಎದ್ದು ಬರುತ್ತಾರಲ್ಲ ಎಂದು ಕಲಾವತಿಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು.

"ನಾಳೆ ತುಮಕೂರಿಗೆ ಹೊರಟಿದ್ದೀನಿ. ಅಕ್ಕ ಒಂದು ಕಡೆ ಹೆಣ್ಣು ನೋಡಿದ್ದಾಳೆ. ನೀವು ಒಂದು ಮಾತು ಅಂದ್ರೆ ಹೋಗಲ್ಲ."

ಕೌಂಟರಿನ ಮುಂದೆ ಜನ ನಿಂತಿದ್ದರು. ಕಲಾವತಿ ಕಣ್ಣು ಮುಚ್ಚಿಕೊಂಡಳು. ಹೋಗಬೇಡಿ, ಹೋಗಬೇಡಿ, ಹೋಗಬೇಡಿ ಎಂದು ಒಳಗೆ ಕೂಗಿಕೊಂಡಳು.

"ಹೋಗಿ ಬನ್ನಿ," ಎಂದಳು. "ಒಳ್ಳೇದಾಗ್ಲಿ."

ಫೋನಿಟ್ಟು, ಎದುರಿಗಿದ್ದವರ ರಿಜಿಸ್ಟರ್ ಪೋಸ್ಟಿಗೆ ಠಪ್ಪೆಂದು ಮುದ್ರೆ ಒತ್ತಿದಳು. ಕಣ್ಣೀರು ಬಿದ್ದು ವಿಳಾಸ ಕಲಸಿಹೋಯಿತು.

ಭಾನುವಾರ ಏಳಕ್ಕೆ ಶೆಡ್ಡಿಗೆ ಹೋಗಿ ಕೀಲಿ ತಿರುಗಿಸಿದಳು. ಗಿಣಿ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಆ ಗೊರಗೊರವೂ ಇಲ್ಲ. ನಂದಕುಮಾರ್ ಬಾರದೆ ತಿಂಗಳಾಗಿತ್ತು, ಬ್ಯಾಟರಿ ಸತ್ತಿತ್ತು. ಜಗುಲಿಯ ಮೇಲೆ ಅತ್ತೆ ಕಾಫಿ ಹಿಡಿದು ಕೂತಾಗಿತ್ತು. ಕಲಾವತಿ ಹುಚ್ಚಿಯ ಹಾಗೆ ಹತ್ತು ಸಲ, ಇಪ್ಪತ್ತು ಸಲ ಕೀಲಿ ತಿರುಗಿಸಿದಳು. ಇದೊಂದಕ್ಕಾಗಿ ಅವನನ್ನೇ ಬಿಟ್ಟುಕೊಟ್ಟಿದ್ದಳು. ಇದೂ ಇಲ್ಲವೆಂದರೆ? ಸ್ಟೀರಿಂಗಿಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಅತ್ತೆ, ಸದ್ದು ಬರ್ತಿಲ್ಲ. ಇವತ್ತು ಬರ್ತಾನೇ ಇಲ್ಲ. ಕ್ಷಮಿಸಿಬಿಡಿ ಅತ್ತೆ."

ಗೋಪಾಲಮ್ಮ ಲೋಟ ಕೆಳಗಿಟ್ಟರು.

"ಬರ್ದಿದ್ರೆ ಬುಡು ತಾಯಿ. ನಾಕು ವರ್ಸದಾಗೆ ಇವತ್ತೇ ಕಣೇ ನಂಗೆ ಭಾನ್ವಾರದ ಕಾಫಿ ಗಂಟ್ಲಲ್ಲಿ ಇಳ್ದಿದ್ದು."

ಕಲಾವತಿ ತಲೆ ಎತ್ತಿದಳು.

"ಆ ಸದ್ದು ಸುರುವಾದ್ರೆ ನನ್ ಎದೆ ಮ್ಯಾಲೆ ಗಾಡಿ ಅತ್ತಿಸ್ದಂಗಾಯ್ತದೆ. ಕಣ್ಮುಚ್ಕಂಡು ಅಲ್ಲು ಕಚ್ಕಂಡು ಕೂತಿರ್ತಿದ್ದೆ, ಯಾವಾಗ್ ನಿಲ್ತದೋ ಅಂತ."

"ಮತ್ತೆ ಪ್ರತಿ ವಾರ ಬಂದು ಕೂರ್ತಿದ್ರಲ್ಲ ಅತ್ತೆ?"

"ನಿನ್ನ ಕಾಯಾಕೆ." ಮುದುಕಿ ಎದ್ದು ಶೆಡ್ಡಿನೊಳಗೆ ಬಂದರು. "ಮೊದಲ್ನೇ ಭಾನ್ವಾರ ನೀನು ಈ ಸೆಡ್ಡಿಗೋದಾಗ ನಿನ್ ಕಣ್ಣು ನೋಡಿದ್ದೆ ಕಣಮ್ಮ. ಮಗನ್ ಕಳ್ಕಂಡಿದ್ದೆ. ಸೊಸೆ ಒಳಗೋಗಿ ಏನಾರ ಮಾಡ್ಕಂಡ್ರೆ ಅಂತ ಎದ್ರಿಕೆ. ಅದಕ್ಕೇ ಕಣ್ಣೆದುರ್ಗೇ ಕೂತೆ. ಆಮೇಲೆ ನೋಡ್ದೆ, ಈ ಸದ್ದೇ ನಿಂಗೆ ಉಸ್ರು ಅಂತ ಸುಮ್ನಾದೆ. ನಿಂಗೆ ಬೇಕಲ್ಲ ಅಂತ."

"ಮೊದಲ ವರ್ಷ ಬೇಕಿತ್ತು. ಆಮೇಲೆ ನಿಮಗೋಸ್ಕರ ಮಾಡ್ತಿದ್ದೆ."

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು. ಕಾರ್ಖಾನೆಯ ಸೈರನ್ನಿನ ಹಾಗೆ ತಪ್ಪದೆ ನಡೆದ ಇನ್ನೂರು ಭಾನುವಾರಗಳು. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ!

"ಇಬ್ರೂ ಸೇರಿ ಆ ಮಗೀನ ಸೆಡ್ಡಲ್ಲಿ ಕೂಡಾಕಿದ್ವಿ," ಎಂದು ಗೋಪಾಲಮ್ಮ ಸೆರಗಿನಿಂದ ಮೊದಲು ಸೊಸೆಯ ಮುಖ ಒರೆಸಿದರು, ಆಮೇಲೆ ತಮ್ಮದು. "ಸಾಕು. ಕೊಟ್ಬುಡು, ಓಡಾಡ್ಸೋರ್ಗೆ ಕೊಟ್ಬುಡು. ಆ ಮೀಟ್ರಪ್ಪಂಗೆ ಫೋನ್ ಮಾಡು."

ಕಲಾವತಿ ಬೆಚ್ಚಿದಳು. "ಅವ್ರು ಗಡಿಯಾರ ರಿಪೇರಿಗೆ ಬರ್ತಿದ್ದೋರು, ಅತ್ತೆ."

"ಒಂದ್ ಗಡಿಯಾರಕ್ಕೆ ವರ್ಸಗಟ್ಲೆ ಯಾವನ್ ರಿಪೇರಿ ಮಾಡ್ತಾನೆ? ನನ್ ಕಣ್ಗೆ ಪೊರೆ ಬಂದದೆ, ಬುದ್ಧಿಗಲ್ಲ."

ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲವೂ ಎತ್ತಲಿಲ್ಲ. ಬಸ್ಸು ಹೊರಟೇಹೋಯಿತು, ಈಗ ನೆಲಮಂಗಲ ದಾಟಿರುತ್ತದೆ, ಅಲ್ಲಿ ಯಾರೋ ಸೀರೆ ಉಟ್ಟು ಕಾಯುತ್ತಿದ್ದಾಳೆ ಎಂದುಕೊಂಡಳು ಕಲಾವತಿ. ಜಗುಲಿಯ ಕಂಬ ಹಿಡಿದುಕೊಂಡೇ ಮೂರನೆಯ ಸಲ ಒತ್ತಿದಳು.

"ಹಲೋ." ಹಿಂದಿನಿಂದ ಕಂಡಕ್ಟರ್ ಕೂಗುವುದು ಕೇಳುತ್ತಿತ್ತು.

"ಬಸ್ ಹತ್ತಿದ್ರಾ?"

"ಒಂದ್ ಕಾಲಿಟ್ಟಿದ್ದೀನಿ."

"ಬ್ಯಾಟರಿ ಡೌನ್ ಆಗಿದೆ."

"ಪುಟ್ಟೇನಹಳ್ಳೀಲೇ ಯಾರಾದ್ರೂ ಸಿಗ್ತಾರೆ ಕಲಾ ಅವ್ರೇ."

"ಬಾಗಲೂರಿಗೆ ಹೋಗ್ಬೇಕು. ನೂರುಲ್ಲಾ ಸಾಹೇಬ್ರಿಗೆ ಕಾರ್ ಕೊಟ್ಟು ಬರೋಕೆ." ಉಸಿರೆಳೆದುಕೊಂಡು, ಇನ್ನು ಮರ್ಯಾದೆ ಗಿರ್ಯಾದೆ ಎಲ್ಲ ಆಚೆಗಿಟ್ಟು ಹೇಳಿದಳು: "ಹೋಗ್ಬೇಡಿ. ನೀವಿಲ್ದೆ ನನ್ ಕೈಲಿ ಆಗಲ್ಲ. ನಿನ್ನೆ ಹೇಳಿದ್ದು ಸುಳ್ಳು."

"ಇಳಿಯಪ್ಪ, ಇಲ್ಲ ಹತ್ತಪ್ಪ!" ಎಂದು ಕಂಡಕ್ಟರ್ ಬೈದದ್ದೂ, ಬಸ್ಸು ದೂರವಾದದ್ದೂ ಫೋನಿನಲ್ಲೇ ಕೇಳಿಸಿತು.

ಮುಕ್ಕಾಲು ಗಂಟೆಯಲ್ಲಿ ನಂದಕುಮಾರ್ ಬಂದ. ಹೆಣ್ಣು ನೋಡಲು ಹಾಕಿಕೊಂಡಿದ್ದ ಇಸ್ತ್ರಿ ಅಂಗಿ, ಸ್ಕೂಟರಿನಲ್ಲಿ ಕಾಲ ಬಳಿ ಬ್ಯಾಟರಿ. ಜೋಡಿಸುವಾಗ ಎರಡು ಸಲ ಸ್ಪ್ಯಾನರ್ ಬೀಳಿಸಿದ. ಕಲಾವತಿ ನೂರುಲ್ಲಾ ಸಾಹೇಬರಿಗೆ ಫೋನ್ ಮಾಡಿದಳು. ಅವಳು ಕೀಲಿ ತಿರುಗಿಸಿದಾಗ ಗಿಣಿ ಒಂದೇ ಏಟಿಗೆ ಚಾಲೂ ಆಯಿತು.

ಕಾರಿಗಿದ್ದದ್ದು ಎರಡೇ ಸೀಟು. ಮುನಿಕೃಷ್ಣ ಎಷ್ಟು ಕರೆದರೂ ಗೋಪಾಲಮ್ಮ ಅದರಲ್ಲಿ ಕೂತವರಲ್ಲ, ಸೊಸೆಯ ಜಾಗ ನನಗೇಕೆ ಎನ್ನುತ್ತಿದ್ದರು. ಇಂದು ಚಪ್ಪಲಿ ಮೆಟ್ಟಿಕೊಂಡು ಬಂದು, "ಕೆರೆ ಏರಿಗಂಟ ನಾನು," ಎಂದು ಹತ್ತಿ ಕೂತುಬಿಟ್ಟರು. ಕಲಾವತಿ ಗೇಟು ದಾಟಿಸಿದಳು. ಹಿಂದೆ ಸ್ಕೂಟರಿನಲ್ಲಿ ನಂದಕುಮಾರ್. ಮುದುಕಿ ದಾರಿಯುದ್ದಕ್ಕೂ ಎರಡೂ ಅಂಗೈಯನ್ನು ಬಾಗಿಲ ಮೇಲೆ ಒತ್ತಿ ಹಿಡಿದಿದ್ದರು. ಮಗ ಕೈಯಾರೆ ತೀಡಿದ ತಗಡು ಅದು.

ಏರಿಯ ಬಳಿ ಇಳಿದು ನಂದಕುಮಾರನನ್ನು ಕರೆದರು.

"ಕೂತ್ಕೊ."

ಅವನು ಹಿಂದೆ ಸರಿದ. "ನಾನು ಸ್ಕೂಟರಲ್ಲೇ ಬರ್ತೀನಮ್ಮ. ಇದು ಅವರ..."

"ನನ್ ಮಗನ ಜಾಗ ಇದಲ್ಲ ಕಣಪ್ಪ, ಅದು." ಸ್ಟೀರಿಂಗ್ ಕಡೆ ಕೈ ತೋರಿದರು. "ಅಲ್ಲಿ ಅವಳು ಕೂತವ್ಳೆ, ಅವಳೇ ಕೂರ್ಲಿ. ಇದು ಅವಳು ಕೂರ್ತಿದ್ದ ಜಾಗ. ಇದ್ನ ನಿಂಗೆ ಕೊಟ್ಟಿವ್ನಿ. ಸ್ಕೂಟರ್ ಇಲ್ಲೇ ಇರ್ಲಿ, ಬೀಗ ಆಕ್ಬುಡು. ನಾನ್ ನಡ್ಕಂಡು ಮನೆಗೋಯ್ತೀನಿ."

ನಂದಕುಮಾರ್ ಬಗ್ಗಿ ಅವರ ಕಾಲು ಮುಟ್ಟಿ, ಕೂತ. ಕೂತವನು ಎಲ್ಲಿ ನೋಡಬೇಕೋ ತಿಳಿಯದೆ ಮೀಟರನ್ನೇ ನೋಡಿದ.

"61,205," ಎಂದ.

"ಮೀಟರ್ ಸಾಕು. ನನ್ನ ನೋಡಿ," ಎಂದಳು ಕಲಾವತಿ.

ನೋಡಿದ. ವರ್ಷದ ಮೇಲೆ, ಮೊದಲ ಸಲ, ನಡುವೆ ಗಾಜಿಲ್ಲದೆ. ಅವಳಿಗೇ ನಾಚಿಕೆಯಾಗಿ ರಸ್ತೆಯ ಕಡೆ ತಿರುಗಿ ಗೇರ್ ಹಾಕಿದಳು.

ಬಾಗಲೂರಿನಲ್ಲಿ ನೂರುಲ್ಲಾ ಸಾಹೇಬರು ಬಿಳಿ ಗಡ್ಡ ನೀವಿಕೊಳ್ಳುತ್ತ ಕಾರಿನ ಸುತ್ತ ಒಂದು ಸುತ್ತು ಬಂದರು. "ದಿನಾ ಓಡಿಸ್ತೀನಿ ಬೇಟಿ, ನಿಲ್ಲಿಸಿ ಇಡೋದಿಲ್ಲ," ಎಂದರು. ಕಲಾವತಿ ಕೀಲಿ ಕೊಟ್ಟಳು. ಕೊಟ್ಟ ಮೇಲೂ ಬೆರಳು ಬಿಡಲಿಲ್ಲ, ಅವರು ಅವಸರ ಮಾಡಲಿಲ್ಲ. ಕೊನೆಗೆ ಬಿಟ್ಟಳು.

ಸಾಹೇಬರು ಗಿಣಿಯನ್ನು ಓಡಿಸಿಕೊಂಡು ತೋಟದ ದಾರಿಯಲ್ಲಿ ಹೋದರು. ಆ ಸದ್ದನ್ನು ಕಲಾವತಿ ಯಾವಾಗಲೂ ಒಳಗೆ ಕೂತು ಕೇಳಿದವಳು, ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ಅತ್ತೆ ಹೇಳಿದ್ದು ನಿಜ, ಅದು ಸೀದಾ ಎದೆಯ ಮೇಲೆಯೇ ಹಾದು ಹೋಯಿತು. ಇದನ್ನು ಆ ತಾಯಿ ಇನ್ನೂರು ಸಲ ತಡೆದುಕೊಂಡಿದ್ದರು, ತನಗಾಗಿ. ಕಲಾವತಿ ಪಕ್ಕದಲ್ಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸದ್ದು ಪೂರ್ತಿ ಅಡಗುವವರೆಗೂ ನಂದಕುಮಾರ್ ಅವಳ ಕೈ ಬಿಡಲಿಲ್ಲ.

ಯಲಹಂಕದ ಬಸ್ಸಿಗೆ ಕಾಯುತ್ತ ಅವಳು ಮನೆಗೆ ಫೋನ್ ಮಾಡಿದಳು.

"ಅತ್ತೆ, ಕಾಫಿ ಕುಡಿದ್ರಾ?"

"ಇನ್ನೂ ಇಲ್ಲ ಕಣಮ್ಮ. ಮೂರು ಲೋಟ ತೊಳ್ದಿಟ್ಕಂಡು ಕೂತಿವ್ನಿ. ಬ್ಯಾಗ ಬನ್ನಿ."