ಕೋಲಿನ ತುದಿಯ ಬಾಟಲಿಗಳು

ಈಕೆ ಸುಳ್ಳು ಹೇಳುತ್ತಿದ್ದಾಳೆಯೇ? ಹೇಳುತ್ತಿದ್ದರೆ ಇಷ್ಟು ನೇರವಾಗಿ ಹೇಗೆ ನೋಡುತ್ತಾಳೆ? ಹೇಳುತ್ತಿಲ್ಲವಾದರೆ ಒಂದು ಮನೆ ತುಂಬ ಹುಳು ಸತ್ತದ್ದು ಹೇಗೆ?

ಸಬ್ ಇನ್‌ಸ್ಪೆಕ್ಟರ್ ರಘುನಂದನ್ ಬಾಗಿಲಲ್ಲಿ ನಿಂತಿದ್ದ ಶ್ರೀವಲ್ಲಿಯ ಮುಖದಿಂದ ಕಣ್ಣು ತೆಗೆದ. ಮತ್ತೆ ಹುಳುಮನೆಯೊಳಗೆ ನೋಡಿದ.

ಶಿಡ್ಲಘಟ್ಟದಿಂದ ಸ್ವಲ್ಪ ದೂರದ ಹಳ್ಳಿ. ಕದಿರಮ್ಮನ ಮನೆಗೆ ಅಂಟಿಕೊಂಡೇ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ಸ್ಟ್ಯಾಂಡುಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಸೊಪ್ಪಿನ ಮೇಲೆ ಹುಳುಗಳು ಸುರುಟಿಕೊಂಡಿದ್ದವು. ಬಾಯಿಂದ ಹಸಿರು ರಸ ಕಾರಿಕೊಂಡಿದ್ದವು. ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹೊಟ್ಟೆ ತುಂಬ ಮೇದು, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಒಣಗಲು ಇಟ್ಟಿದ್ದರು. ಅವನ್ನು ತೆಗೆದಿಡಲು ಯಾರಿಗೂ ಮನಸ್ಸಾಗಿರಲಿಲ್ಲ.

"ರೋಗ ಬಂದ ಹುಳ ಹಿಂಗ್ ಸಾಯಲ್ಲ ಸಾಮಿ," ಕದಿರಮ್ಮ ಹೇಳಿದಳು. "ಇದು ವಿಷ."

"ಯಾರ ಮೇಲೆ ಅನುಮಾನ?"

"ಪಕ್ಕದ ತೋಟದ ಮುನಿಶಾಮಿ. ಬದುವಿನ ಜಗಳದಾಗೆ ನಿನ್ನ ಬೆಳೆ ಮಣ್ಣಾಗ ಅಂತ ಮಣ್ಣು ತೂರಿದ್ದ. ಅವನಲ್ಲ ಅಂದ್ರೆ..." ಅವಳು ಸೊಸೆಯ ಕಡೆ ಗದ್ದ ಎತ್ತಿದಳು. "ಈ ಮೇಷ್ಟ್ರ ಮಗಳು. ಮಗೂಗೆ ಸೊಳ್ಳೆ ಕಚ್ಚತ್ತೆ ಅಂತ ಕಾಯಿಲ್ ಹಚ್ಚಿರ್ತಾಳೆ."

"ನಾನು ಏನೂ ಹಚ್ಚಿಲ್ಲ ಸಾರ್," ಎಂದಳು ಶ್ರೀವಲ್ಲಿ. ಬೆಳಗಿನಿಂದ ಅವಳು ಆಡಿದ್ದು ಅದೊಂದೇ ಮಾತು.

ಹುಳು ಇರುವ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ. ಊದುಬತ್ತಿಯೂ ಇಲ್ಲ. ಬೀಡಿ ಸೇದಿ ಬಂದವನನ್ನು ಹೊಸಿಲು ದಾಟಲು ಬಿಡುವುದಿಲ್ಲ. ಈ ಸೀಮೆಯ ಮಕ್ಕಳಿಗೂ ಅದು ಗೊತ್ತು. ಆದರೆ ಶ್ರೀವಲ್ಲಿ ಗೌರಿಬಿದನೂರಿನ ಮೇಷ್ಟ್ರ ಮನೆಯವಳು. ಮದುವೆಯಾಗಿ ಬರುವ ತನಕ ರೇಷ್ಮೆಹುಳು ಕಂಡವಳಲ್ಲ. ಮನೆಯವರ ಅನುಮಾನಕ್ಕೆ ಅಷ್ಟೇ ಸಾಕಾಗಿತ್ತು. ಅವಳ ಕೋಣೆಯಲ್ಲಿ ಕಾಯಿಲ್ ಇಡುವ ತಗಡೊಂದು ಸಿಕ್ಕಿತ್ತು. ತವರಿನಿಂದ ಬಂದ ಸಾಮಾನು. ತುಕ್ಕು ಹಿಡಿದಿತ್ತು, ಬೂದಿ ಇರಲಿಲ್ಲ. ಆದರೂ ಗಂಡ ಮುರಳಿಮೋಹನ್ ಒಂದೇ ಮಾತು ಹೇಳಿ ತೋಟಕ್ಕೆ ಹೋಗಿದ್ದ. "ಸಂಜೆ ಬಸ್ಸಿಗೆ ಊರಿಗೆ ಹೋಗಿರು. ಸದ್ಯಕ್ಕೆ."

ಆ 'ಸದ್ಯಕ್ಕೆ' ಎಷ್ಟು ದಿನ ಎಂದು ಅವನು ಹೇಳಿರಲಿಲ್ಲ. ಶ್ರೀವಲ್ಲಿಯ ಬ್ಯಾಗು ಹೊಸಿಲ ಪಕ್ಕದಲ್ಲಿತ್ತು.

* * *

"ಮಣ್ಣು ತೂರಿದ್ದು ನಿಜ ಸಾರ್," ಮುನಿಶಾಮಿ ಹೇಳಿದ. "ನನ್ನ ಬಾಯಿ ಸುಮ್ನಿರಲ್ಲ. ಅದಕ್ಕೇಂತ ಹುಳ ಕೊಲ್ತೀನಾ? ದೇವುಡಾ!"

"ಬದುವಿನ ಮೇಲೆ ಔಷಧಿ ಡಬ್ಬ ಬಿದ್ದಿದೆ."

"ಹಳೇದು ಸಾರ್. ಅದರೊಳಗೆ ಗೊದ್ದ ಮನೆ ಮಾಡ್ಕೊಂಡಿದೆ, ನೋಡಿ ಬೇಕಾದ್ರೆ."

ರಘುನಂದನ್ ನೋಡಿದ. ನಿಜವಾಗಿಯೂ ಇರುವೆಗಳಿದ್ದವು.

"ಬನ್ನಿ, ಇನ್ನೊಂದು ತೋರಿಸ್ತೀನಿ." ಮುನಿಶಾಮಿ ತನ್ನ ಮನೆಯ ಪಕ್ಕದ ಕೋಣೆಯ ಪರದೆ ಸರಿಸಿದ. ಅಲ್ಲಿಯೂ ಹುಳುಗಳು. ಸೊಪ್ಪು ಮೇಯುವ ಸದ್ದು ಕೋಣೆ ತುಂಬಿತ್ತು. "ನಾನು ಟೊಮೇಟೊಗೆ ಔಷಧಿ ಹೊಡೆದ್ರೆ ಮೊದ್ಲು ನಮ್ಮವೇ ಸಾಯ್ತವೆ. ಆಮೇಲೆ ನನ್ನ ಹೆಂಡ್ತಿ ನನ್ನ ಸಾಯಿಸ್ತಾಳೆ. ನಿಮಗೆ ಕೇಸು ಎರಡಾಗತ್ತೆ."

ರಘುನಂದನ್‌ಗೆ ನಗು ಬಂತು. ನಗಲಿಲ್ಲ. ಕದಿರಮ್ಮನ ಮನೆಯಲ್ಲಿ ಕಂಡದ್ದೊಂದು ತಲೆಯಲ್ಲಿ ತಿರುಗುತ್ತಿತ್ತು. ಮುನಿಶಾಮಿಯ ತೋಟ ಇರುವುದು ಬಾಗಿಲ ದಿಕ್ಕಿಗೆ. ಬಾಗಿಲ ಪಕ್ಕದ ಸ್ಟ್ಯಾಂಡಿನ ಹುಳುಗಳು ಮಂಕಾಗಿದ್ದರೂ ಬದುಕಿದ್ದವು. ಪೂರ್ತಿ ಸತ್ತದ್ದು ಎದುರು ತುದಿಯ ಕಿಟಕಿಯ ಹತ್ತಿರದವು. ಎಲ್ಲವೂ ಮೇದದ್ದು ಒಂದೇ ತೋಟದ ಸೊಪ್ಪು.

ಹಾಗಾದರೆ ವಿಷ ಸೊಪ್ಪಿನಲ್ಲಿ ಇರಲಿಲ್ಲ. ಬಾಗಿಲಿನಿಂದಲೂ ಬಂದಿರಲಿಲ್ಲ.

* * *

ಅವನು ಮರಳಿದಾಗ ಶ್ರೀವಲ್ಲಿ ಜಗಲಿಯಲ್ಲಿ ಮಗುವಿನ ಕೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಮಗುವಿನ ಕೈ, ಕೆನ್ನೆ, ಕಾಲು, ಎಲ್ಲ ಕಡೆ ಕೆಂಪು ದದ್ದು. ಅವಳ ತೋಳಲ್ಲೂ ಅದೇ.

"ಸೊಳ್ಳೆನಾ?"

"ಹೂಂ ಸಾರ್."

ರಘುನಂದನ್ ಕದಿರಮ್ಮನ ಕಡೆ ತಿರುಗಿದ. "ಅಮ್ಮ, ನೀವು ಮಲಗೋದು ಎಲ್ಲಿ?"

"ಹುಳದ ಹತ್ರಾನೇ. ರಾತ್ರಿ ಸೊಪ್ಪು ಹಾಕಬೇಕಲ್ಲ."

"ಕೈ ತೋರಿಸಿ."

ಕದಿರಮ್ಮ ಏನೂ ಅರ್ಥವಾಗದೆ ಕೈ ಚಾಚಿದಳು. ಒಂದು ಗುರುತೂ ಇರಲಿಲ್ಲ.

"ನಿಮಗೆ ಸೊಳ್ಳೆ ಕಚ್ಚಲ್ವಾ?"

"ಕಚ್ಚಿ ಕಚ್ಚಿ ಸಾಯಿಸ್ತಿದ್ವು. ಈಚೆಗೆ ಯಾಕೋ ಒಂದೂ ಇಲ್ಲ."

ಕಾಯಿಲ್ ಹಚ್ಚಿದಳು ಎನ್ನುವ ಸೊಸೆಯ ಮಗುವಿನ ಮೈ ತುಂಬ ಸೊಳ್ಳೆ ಕಡಿತ. ಏನೂ ಹಚ್ಚದ ಅತ್ತೆಯ ಮೈ ಮೇಲೆ ಒಂದೂ ಇಲ್ಲ. ಸೊಳ್ಳೆ ಕೊಂದದ್ದು ಯಾವುದೋ, ಹುಳು ಕೊಂದದ್ದೂ ಅದೇ. ಅದು ಇರುವುದು ಹುಳುಮನೆಯ ಒಳಗೇ.

ಅವನು ಒಳಗೆ ಹೋದ. ಹುಳು ಪೂರ್ತಿ ಸತ್ತ ಕಡೆಯ ಕಿಟಕಿಯ ಕಟ್ಟೆಯ ಮೇಲೆ, ಸೊಪ್ಪಿನ ಹೊರೆಯ ಹಿಂದೆ, ಒಂದು ಪುಟ್ಟ ಕುಂಡ. ಕತ್ತರಿಸಿದಂಥ ಎಲೆಗಳ ಹಸಿರು ಗಿಡ. ತಟ್ಟೆಯಲ್ಲಿ ಸತ್ತ ನೊಣಗಳು. ಎಲೆ ಉಜ್ಜಿ ಮೂಸಿದ. ನಿಂಬೆಯ ವಾಸನೆ, ತೆಳ್ಳಗೆ. ಬುಡದ ಮಣ್ಣು ಚಿವುಟಿ ಮೂಸಿದ. ಅದು ಬೇರೆ ವಾಸನೆ. ಅವನ ಮನೆಯಲ್ಲಿ ಮಂಚದ ಪಕ್ಕದ ಪ್ಲಗ್ಗಿನಿಂದ ಬರುವ ವಾಸನೆ.

ಕುಂಡವನ್ನು ಜಗಲಿಗೆ ತಂದ. "ಈ ಗಿಡ ಯಾರದು?"

"ಇವಳೇ ತಂದಿದ್ದು, ಅಂದಕ್ಕೆ," ಎಂದಳು ಕದಿರಮ್ಮ.

ಶ್ರೀವಲ್ಲಿಯ ಕೈ ಮಗುವಿನ ತೋಳಿನ ಮೇಲೆ ನಿಂತಿತು. "ಅಂದಕ್ಕಲ್ಲ ಸಾರ್. ಅದು ಸೊಳ್ಳೆ ಓಡಿಸೋ ಗಿಡ. ಚಿಂತಾಮಣಿ ನರ್ಸರಿಯವರ ರೀಲ್‌ನಲ್ಲಿ ನೋಡಿದ್ದೆ. ಹೊಗೆ ಇಲ್ಲ, ಕೆಮಿಕಲ್ ಇಲ್ಲ ಅಂದ್ರು. ಗಿಡ ತಾನೆ..." ಅವಳ ದನಿ ಇಳಿಯಿತು. "ಅದರಿಂದಾನಾ?"

"ಗಿಡದಿಂದ ಅಲ್ಲ," ಎಂದ ರಘುನಂದನ್. ಕುಂಡವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ. "ನಾನು ಬರೋವರೆಗೂ ಬಸ್ಸು ಹತ್ತಬೇಡಿ."

* * *

ಚಿಂತಾಮಣಿ ದಾಟಿ ಮುರುಗಮಲ್ಲದ ರಸ್ತೆಯಲ್ಲಿ ನರ್ಸರಿ. ಮುಂದೆ ಬಣ್ಣಬಣ್ಣದ ಬೋರ್ಡು. ಆಕ್ಸಿಜನ್ ಗಿಡ. ಅದೃಷ್ಟದ ಗಿಡ. ರೀಲ್‌ನಲ್ಲಿ ನೋಡಿದ ಸೊಳ್ಳೆ ಗಿಡ ಇಲ್ಲೇ ಸಿಗುತ್ತದೆ. ಮಾವಿನ ಕಸಿ, ತೆಂಗಿನ ಸಸಿಗಳು ಹಿಂದಿನ ಮೂಲೆಯಲ್ಲಿದ್ದವು.

ನಡೆಸುವವಳು ಭಾನುಪ್ರಿಯಾ. ಬಿ.ಕಾಂ ಮಾಡಿದವಳು. ಅಪ್ಪ ರಾಮಾಂಜಿನಪ್ಪ ಕೆಂಪು ಗುಲಾಬಿಯ ಬಳ್ಳಿಯನ್ನು ಕೋಲಿಗೆ ಕಟ್ಟುತ್ತಿದ್ದ. ಮುದುಕ ತಲೆ ಎತ್ತಲಿಲ್ಲ.

"ನಮ್ಮದೇ ಗಿಡ ಸಾರ್," ಎಂದಳು ಭಾನುಪ್ರಿಯಾ. "ಯಾಕೆ, ಒಣಗ್ತಾ?"

"ಇದು ನಿಜವಾಗಿ ಸೊಳ್ಳೆ ಓಡಿಸತ್ತಾ?"

"ಓಡಿಸತ್ತೆ. ಮೊದಮೊದಲು ಜನ ಬೈದ್ರು. ಒಬ್ಬರಂತೂ ಎಲ್ಲರ ಮುಂದೆ ಕುಂಡ ನೆಲಕ್ಕೆ ಕುಕ್ಕಿ, ಸುಳ್ಳುಬುರುಕಿ, ಮೊಬೈಲ್ ಹಿಡಕೊಂಡು ಊರಿಗೆಲ್ಲ ಟೋಪಿ ಹಾಕ್ತೀಯಾ ಅಂದ್ರು. ನರ್ಸರೀನೇ ಬೇಡ ಅನ್ನಿಸಿಬಿಟ್ಟಿತ್ತು. ಊಟಾನೂ ಸೇರ್ತಿರಲಿಲ್ಲ." ಅವಳು ನಕ್ಕಳು. "ಆಮೇಲೆ ಅದೇ ಗಿಡ ಕೆಲಸ ಮಾಡೋಕೆ ಶುರು ಮಾಡ್ತು. ಬೇರು ಹಿಡಿದ ಮೇಲೆ ಪವರ್ ಬರತ್ತೆ ಅನ್ಸತ್ತೆ."

"ಬೇರೆ ಗಿಡ ಮಾರಬಹುದಿತ್ತಲ್ಲ?"

"ಈಗ ಜನ ಗಿಡ ಕೇಳಲ್ಲ ಸಾರ್. ಫೋನ್ ತೋರಿಸಿ ಇದೇ ಬೇಕು ಅಂತಾರೆ. ಸಸಿ ಬೆಳೆಯೋಕೆ ವರ್ಷ ಬೇಕು. ಟ್ರೆಂಡು ಒಂದು ಹಬ್ಬ ಕಳೆಯೋದ್ರೊಳಗೆ ಹಳೇದಾಗತ್ತೆ. ಅಪ್ಪ ಮಾವಿನ ಕಸಿ ಇಟ್ಕೊಂಡು ಕಾದ್ರು, ಯಾರೂ ಬರಲಿಲ್ಲ. ಈ ರೀಲ್ ಬಂದ ಮೇಲೇ ಇಲ್ಲಿ ಗಾಡಿ ನಿಲ್ಲೋಕೆ ಶುರುವಾಗಿದ್ದು. ಫೋನ್ ಹಿಡಿಯೋದೂ ಅಪ್ಪಾನೇ. ಕೈ ಅಲ್ಲಾಡಲ್ಲ ಅವರದು."

ರಘುನಂದನ್ ಗುಲಾಬಿ ಸಾಲಿನತ್ತ ನೋಡುತ್ತಿದ್ದ. ಪ್ರತಿ ಕೋಲಿನ ತುದಿಗೂ ಒಂದು ಪುಟ್ಟ ಬಾಟಲಿಯನ್ನು ತಲೆಕೆಳಗಾಗಿ ಸಿಗಿಸಿದ್ದರು.

"ಅದೇನು?"

"ಒಂದ್ಸಲ ಬಗ್ಗಿದಾಗ ಕೋಲು ನನ್ನ ಕಣ್ಣಿಗೆ ಚುಚ್ಚಿತ್ತು. ಅವತ್ತಿಂದ ಅಪ್ಪ ಕೈಗೆ ಏನು ಸಿಕ್ಕರೂ ತುದಿಗೆ ಸಿಗಿಸ್ತಾರೆ. ಮೊಟ್ಟೆ ಚಿಪ್ಪು, ಮುಚ್ಚಳ..."

ಈಗ ಇದ್ದವು ಬರೀ ಬಾಟಲಿಗಳು. ಎಲ್ಲ ಒಂದೇ ತರಹದವು. ಲೇಬಲ್ ಕಿತ್ತಿತ್ತು. ಅವನು ಒಂದನ್ನು ತೆಗೆದು ಮೂಸಿದ. ಶೆಡ್ಡಿನ ಕಡೆ ನೋಡಿದ. ತಗಡು, ಬಿದಿರು. ತಂತಿ ಇಲ್ಲ, ಬಲ್ಬು ಇಲ್ಲ.

"ಇಲ್ಲಿ ಕರೆಂಟ್ ಇದೆಯಾ?"

"ಇಲ್ಲ ಸಾರ್."

"ಮನೇಲಿ ಸೊಳ್ಳೆ ಮಷೀನ್?"

"ನಮಗೆ ಸೊಳ್ಳೆಪರದೇನೇ. ಯಾಕೆ?"

"ಇವು ಮಷೀನಿಗೆ ಹಾಕೋ ಬಾಟಲಿ. ಮಷೀನ್ ಇಲ್ಲದ ಕಡೆ ಇಷ್ಟೊಂದು ಯಾಕೆ?" ಅವನು ಮುದುಕನ ಕಡೆ ತಿರುಗಿದ. "ರಾಮಾಂಜಿನಪ್ಪನವರೇ, ಒಳಗಿದ್ದ ಔಷಧಿ ಎಲ್ಲಿ ಹೋಯ್ತು?"

ಮುದುಕ ದಾರದ ಉಂಡೆಯನ್ನು ನಿಧಾನವಾಗಿ ಕೆಳಗಿಟ್ಟ.

"ಅಪ್ಪ?" ಎಂದಳು ಭಾನುಪ್ರಿಯಾ.

"ಬುಡಕ್ಕೆ ಹಾಕ್ತಿದ್ದೆ," ಎಂದ ಅವನು. "ಅವಳು ಮನೆಗೆ ಹೋದ ಮೇಲೆ. ಎಲ್ಲರ ಮನೇಲೂ ಇರೋ ಸಾಮಾನು, ಏನಾಗತ್ತೆ ಅಂದ್ಕೊಂಡೆ. ಏನಾಯ್ತು ಸಾರ್?"

ರಘುನಂದನ್ ಹೇಳಿದ. ಪರದೆ ಹಾಕಿ ಮುಚ್ಚಿದ ಕೋಣೆ. ಕಿಟಕಿಯಲ್ಲಿ ಕುಂಡ. ಬುಡದ ಮಣ್ಣಿನಿಂದ ಏಳುತ್ತಿದ್ದ ಆವಿ. ಸೊಳ್ಳೆ ಸಾಯುವ ಗಾಳಿಯಲ್ಲಿ ರೇಷ್ಮೆಹುಳು ಬದುಕುವುದಿಲ್ಲ. ಹತ್ತಿರದವು ಮೊದಲು ಸತ್ತವು. ಬಾಗಿಲಿನಿಂದ ಗಾಳಿ ಸಿಕ್ಕವು ಉಳಿದವು. ಬೇರೆಯವರಾದರೆ ಕಾಯಿಲ್ ಹಚ್ಚಿಕೊಳ್ಳುತ್ತಾರೆ. ಕಾಯಿಲ್ ಹಚ್ಚಲಾಗದವರೇ ಈ ಗಿಡವನ್ನು ನಂಬಿ ಕೊಂಡರು.

ರಾಮಾಂಜಿನಪ್ಪ ನೆಲದ ಮೇಲೆ ಕುಳಿತುಬಿಟ್ಟ. "ಹುಳ ಸಾಕೋರು ಕೊಳ್ತಾರೆ ಅಂತ ಹೊಳೀಲೇ ಇಲ್ಲ."

ಭಾನುಪ್ರಿಯಾ ಫೋನ್ ತೆಗೆದಳು. "ರೀಲ್ ಅಳಿಸಿಬಿಡ್ತೀನಿ."

"ಅಳಿಸಿದ್ರೆ ತಗೊಂಡು ಹೋದವರಿಗೆ ಗೊತ್ತಾಗಲ್ಲ. ಇನ್ನೊಂದು ಮಾಡಿ."

ಅವಳು ಸೊಳ್ಳೆ ಗಿಡಗಳ ಮುಂದೆ ನಿಂತಳು. ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ರಾಮಾಂಜಿನಪ್ಪ ಎದ್ದು ಬಂದ. ಅವಳ ಕೈಯಿಂದ ಫೋನ್ ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದ.

"ನಮಸ್ಕಾರ," ಎಂದಳು ಭಾನುಪ್ರಿಯಾ. "ಈ ಗಿಡ ಸೊಳ್ಳೆ ಓಡಿಸಲ್ಲ. ನಾನು ಹೇಳಿದ್ದು ತಪ್ಪು. ಬುಡಕ್ಕೆ ಔಷಧಿ ಬಿದ್ದಿದೆ. ಮನೆಯೊಳಗೆ, ಹುಳದ ಹತ್ರ ದಯವಿಟ್ಟು ಇಡಬೇಡಿ. ವಾಪಸ್ ತಂದುಕೊಡಿ..."

ಮುದುಕನ ಕೈ ಅಲ್ಲಾಡಲಿಲ್ಲ.

* * *

ಸಂಜೆಯ ಬಸ್ಸು ಊರ ಮುಂದೆ ಹಾರನ್ ಹೊಡೆದಾಗ, ನರ್ಸರಿಯ ಅಪ್ಪ ಮಗಳೂ ಸೇರಿ, ಎಲ್ಲರೂ ಕದಿರಮ್ಮನ ಅಂಗಳದಲ್ಲಿದ್ದರು. ಮುರಳಿಮೋಹನ್ ಚಂದ್ರಿಕೆಯೊಂದಕ್ಕೆ ಒರಗಿ ತಲೆ ತಗ್ಗಿಸಿದ್ದ. ರಘುನಂದನ್ ನಡೆದದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿದ.

ಕದಿರಮ್ಮ ತನ್ನ ಕೈ ನೋಡಿಕೊಂಡಳು. ಮೊಮ್ಮಗುವಿನ ಕೈ ನೋಡಿದಳು.

"ಮಗು ಮೈ ಹಿಂಗಾಗಿದೆ. ಗಿಡ ಅದರ ಹತ್ರ ಇಡೋದು ಬಿಟ್ಟು ನನ್ನ ಹತ್ರ ಯಾಕಿಟ್ಟೆ?"

"ಒಂದೇ ಉಳಿದಿತ್ತು ಅವತ್ತು," ಎಂದಳು ಶ್ರೀವಲ್ಲಿ. "ನಿಮಗೆ ನಿದ್ದೇನೇ ಇರಲಿಲ್ಲ."

"ಬಾಯಿ ಇರಲಿಲ್ವೇನೇ ಹೇಳೋಕೆ?"

"ದುಡ್ಡು ದಂಡ ಅಂತ ಬೈತಿದ್ರಿ ಅತ್ತೆ."

"ಬೈತಿದ್ದೆ," ಎಂದಳು ಕದಿರಮ್ಮ. ಹೊಸಿಲ ಪಕ್ಕದ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಸ್ಸು ಹೊರಟ ಸದ್ದಾಯಿತು. ಬರಿಗೈಯಲ್ಲಿ ಹೊರಬಂದವಳು ರಾಮಾಂಜಿನಪ್ಪನ ಮುಂದೆ ನಿಂತಳು.

"ಯಾಕಪ್ಪಾ ಹಿಂಗ್ ಮಾಡ್ದೆ? ನೀನೂ ಇದೇ ಸೀಮೆಯೋನಲ್ವಾ?"

"ವ್ಯಾಪಾರದ ಆಸೆ ಕಣಮ್ಮ," ಎಂದ ಅವನು. "ಗಿಡ ಖರ್ಚಾಗ್ಲಿ ಅಂತ. ತಪ್ಪು ನಂದೊಂದೇ. ಮಗಳಿಗೆ ಏನೂ ಗೊತ್ತಿಲ್ಲ."

ಭಾನುಪ್ರಿಯಾ ಅಪ್ಪನನ್ನು ನೋಡಿದಳು. ಆಮೇಲೆ ಮುಖ ತಿರುಗಿಸಿ ಒಂದು ಹೆಜ್ಜೆ ದೂರ ಸರಿದಳು.

ರಘುನಂದನ್‌ಗೆ ಕೋಲಿನ ತುದಿಯ ಬಾಟಲಿಗಳು ನೆನಪಾದವು. ಪೆನ್ನು ಹಿಡಿದು ಕಾದ.

"ಅಷ್ಟೇನಾ? ಬೇರೆ ಕಾರಣ ಇದ್ರೆ ಹೇಳಿ, ಬರ್ಕೊಳ್ತೀನಿ."

"ಅಷ್ಟೇ ಸಾರ್. ಹಂಗೇ ಬರ್ಕೊಳ್ಳಿ."

ಅವನು ಹಾಗೆಯೇ ಬರೆದುಕೊಂಡ. ರಾಮಾಂಜಿನಪ್ಪ ಸಹಿ ಹಾಕಿದ.

ಮಗಳನ್ನು ಯಾರೂ ಇನ್ನೊಮ್ಮೆ ಸುಳ್ಳುಬುರುಕಿ ಅನ್ನಬಾರದೆಂದು ಹಾಗೆ ಮಾಡಿದೆ ಎಂದು ಅವನು ಯಾರಿಗೂ ಹೇಳಲಿಲ್ಲ.